ಮೂರೇ ಕಾಲು

ಗಂಡಿನ ಗೂಡಿಗೆ ಹೆಣ್ಣನ್ನು ಒಯ್ಯಬೇಕು,
ಹೆಣ್ಣಿನ ಗೂಡಿಗೆ ಗಂಡನ್ನಲ್ಲ,
ಇಷ್ಟೂ ತಿಳಿಯದವನು ಮೊಲ ಸಾಕಲು ಹೊರಟೆಯಾ
ಎಂದಳು ಜೂಜಾ, ಕಲ್ಲುಗೋಡೆಯ ಆಚೆಯಿಂದ,
ಮಡಿಲಲ್ಲಿ ಅರ್ಧ ಸುಲಿದ ಬಟಾಣಿ.

ಒಯ್ದೆ. ನಾನು ಕಣ್ಣು ತಿರುಗಿಸುವಷ್ಟರಲ್ಲಿ ಮುಗಿದಿತ್ತು.
ಗಂಡು ಒಮ್ಮೆ ಗುರುಗುಟ್ಟಿ ಪಕ್ಕಕ್ಕೆ ಉರುಳಿತು
ಡೆಕ್ಕಿನ ಮೇಲೆ ಜಾರಿ ಬಿದ್ದ ಆಲೂಗಡ್ಡೆ ಚೀಲದಂತೆ.
ನನ್ನ ಹರ್ರೂಬಾ ಕಿವಿ ಒದರಿ
ಅವನ ತಟ್ಟೆಯ ಕಾಳು ತಿನ್ನತೊಡಗಿದಳು.
ಇನ್ನು ಮೂವತ್ತೊಂದು ದಿನ, ಎಂದಳು ಜೂಜಾ.
ಟಿಕೆಟ್ ಪುಸ್ತಕದ ಬೆನ್ನಿಗೆ ಬರೆದುಕೊಂಡೆ.

ನಾನು ಫೆರಿಯವನು.
ಗೋಜೋದಿಂದ ಮಾಲ್ಟಾಕ್ಕೆ, ಮಾಲ್ಟಾದಿಂದ ಗೋಜೋಕ್ಕೆ,
ಹಗ್ಗ ಎಸೆ, ಹಗ್ಗ ಎಳೆ, ಕಾರುಗಳನ್ನು ಕೈಬೀಸಿ ಒಳಗೆ ಕರೆ.
ಮೂವತ್ತೆಂಟು ವರ್ಷದಲ್ಲಿ ಒಂದು ಟೊಮೇಟೊ ಗಿಡವನ್ನೂ
ಬೆಳೆಸಿದವನಲ್ಲ. ಯಾರಾದರೂ ಹೌದು ಅಂದರೆ ಹೌದು,
ಅಲ್ಲ ಅಂದರೆ ಅಲ್ಲ ಎನ್ನುವವನು.
ಹರ್ರೂಬಾಗೆ ಆರು ತಿಂಗಳು ತುಂಬಿತ್ತಷ್ಟೆ.
ಅವಳಿಗೂ ಚೊಚ್ಚಲು, ನನಗೂ.

ಇಪ್ಪತ್ತೆಂಟನೇ ದಿನ ವೈನಿನ ಹಳೇ ಪೆಟ್ಟಿಗೆಗೆ
ಹುಲ್ಲು ತುಂಬಿ ಒಳಗಿಟ್ಟೆ.
ಅದರ ತುಂಬ ಹಿಕ್ಕೆ ಹಾಕಿದಳು.
ಮೂವತ್ತಕ್ಕೆ ಬಾಯ್ತುಂಬ ಹುಲ್ಲು ಕಚ್ಚಿ,
ದೊಡ್ಡ ಮೀಸೆಯ ಮುದುಕನಂತೆ
ಅತ್ತಿಂದಿತ್ತ, ಇತ್ತಿಂದತ್ತ.
ಆ ರಾತ್ರಿ ತನ್ನೆದೆಯ ತುಪ್ಪಳವನ್ನು ತಾನೇ ಕಿತ್ತಳು.

ಬೆಳಗಿನ ಜಾವ, ಮೊದಲ ಫೆರಿಗೆ ಮುಂಚೆ
ಟಾರ್ಚು ಹಿಡಿದು ಬಗ್ಗಿ ನೋಡಿದರೆ
ಪೆಟ್ಟಿಗೆಯಲ್ಲಿ ತುಪ್ಪಳ ಉಸಿರಾಡುತ್ತಿತ್ತು.

ಒಳಗೆ ಮೂರು. ಹೊರಗೆ ತಂತಿಯ ಮೇಲೆ ಎರಡು,
ಸಮುದ್ರದ ಕಲ್ಲಿನಷ್ಟು ತಣ್ಣಗೆ.
ಬೆಚ್ಚಗಾಗುವ ಮುಂಚೆ ಯಾವುದನ್ನೂ ಸತ್ತಿದೆ ಅನ್ನಬೇಡ,
ಜೂಜಾ ಒಮ್ಮೆ ಹೇಳಿದ್ದಳು. ಅಂಗಿಯೊಳಗೆ ಹಾಕಿಕೊಂಡೆ.
ಒಂದು ನನ್ನ ಕಂಕುಳಲ್ಲಿ ಹುಳದಂತೆ ಹೊರಳಿತು.
ಇನ್ನೊಂದನ್ನು ಪಾಪಾಸುಕಳ್ಳಿಯ ಬುಡದಲ್ಲಿ ಹೂತೆ.

ಒಳಗಿದ್ದ ಮೂರರಲ್ಲಿ ಒಂದಕ್ಕೆ
ಹಿಂದಿನ ಎಡಗಾಲು ಇರಲಿಲ್ಲ.
ನೆಕ್ಕುವ ಭರದಲ್ಲಿ ಕಚ್ಚಿದ್ದಾಳೆ, ಎಂದಳು ಜೂಜಾ,
ಮಾಸು ಯಾವುದು ಮರಿ ಯಾವುದು ತಿಳಿದಿಲ್ಲ, ಹುಡುಗಿ ಪಾಪ.
ಬಿಸಾಕು. ಸಂಜೆಯೊಳಗೆ ಹೋಗುತ್ತದೆ.
ಹೂಂ ಅಂದೆ.
ಬಿಸಾಕಲಿಲ್ಲ.

ರಜೆಯ ದಿನ ಬಕೆಟ್ಟು ಬೋರಲು ಹಾಕಿ ಎದುರಿಗೆ ಕೂತೆ.
ಹರ್ರೂಬಾ ಕೆಂಪು ಸುಲ್ಲಾ ಹೂವು ತಿಂದಳು,
ಮುಖ ತೊಳೆದಳು, ಕಿವಿ ತೊಳೆದಳು, ನಿದ್ದೆ ಹೊಡೆದಳು,
ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ.
ಕತ್ತಲಾಗುವ ತನಕ ಬೈದೆ: ನೀನೂ ಒಬ್ಬ ತಾಯಿಯೇ?
ಗೋಡೆಯಾಚೆ ಜೂಜಾ ನಕ್ಕಳು.
ಬೆಳಿಗ್ಗೆ ನೋಡಿದರೆ ನಾಲ್ಕೂ ಹೊಟ್ಟೆ
ಮಾಗಿದ ದ್ರಾಕ್ಷಿಯ ಹಾಗೆ, ಚರ್ಮದಡಿ ಬೆಳ್ಳಗೆ ಹಾಲು.

ದಿನಕ್ಕೊಮ್ಮೆ, ಮೂರೋ ನಾಲ್ಕೋ ನಿಮಿಷ, ಅಷ್ಟೇ.
ಹೆಚ್ಚು ಹೊತ್ತು ಕೂತರೆ ನರಿಗೆ ಜಾಗ ಗೊತ್ತಾಗುತ್ತದೆ.
ಈ ದ್ವೀಪದಲ್ಲಿ ನರಿಯೇ ಇಲ್ಲವಲ್ಲ, ಅಂದೆ.
ಅದನ್ನು ಅವಳ ರಕ್ತಕ್ಕೆ ಯಾರು ಹೇಳಬೇಕು, ಅಂದಳು.

ಹದಿನೆಂಟನೇ ದಿನ ಪೆಟ್ಟಿಗೆಯ ಅಂಚು ಹಾರಿ ಬಂದವು
ಒಂದು, ಎರಡು, ಮೂರು,
ಆಮೇಲೆ ತುಸು ವಾಲಿಕೊಂಡು ಇನ್ನೊಂದು.

ಜೂಜಾ ಕನ್ನಡಕ ಏರಿಸಿದಳು.
ಆ ಕುಂಟ ಸತ್ತಿತ್ತು, ನಾನಂದಿದ್ದೆನಲ್ಲ. ಇದು ಬೇರೆ.
ಕಾಲು ಮಡಚಿ ಕೂತಿದೆ, ನಾಲ್ಕಿದೆ.
ಅಂಗೈ ಮೇಲೆ ಎತ್ತಿ ಗೋಡೆಯಾಚೆ ಚಾಚಿದೆ.
ಮೂರು, ಎಂದೆ.
ನಾಲ್ಕು, ಎಂದಳು.
ಮುಟ್ಟಿ ನೋಡು.
ಮುಟ್ಟುವುದೇನು, ಅರವತ್ತು ವರ್ಷ ಮೊಲ ಸಾಕಿದ್ದೇನೆ. ನಾಲ್ಕು.

ಸಂಜೆಯ ಫೆರಿ ಹಾರನ್ ಕೂಗಿತು, ನಾನು ಕದಲಲಿಲ್ಲ.
ಹುಟ್ಟಿದಂದಿನಿಂದ ಯಾರಿಗೂ ಎದುರಾಡದ ನಾನು
ಸುಣ್ಣಕಲ್ಲಿನ ಗೋಡೆಗೆ ಎದೆಯೊತ್ತಿ ಹೇಳಿದೆ:
ನಾನು ಹಿಡಿದ ಮೊಲಕ್ಕೆ
ಮೂರೇ ಕಾಲು.

ಅದು ನನ್ನ ತೋಳಿನೊಳಕ್ಕೆ ಬೆಚ್ಚಗೆ ಉಚ್ಚೆ ಹೊಯ್ದಿತು.