ಪಾಯಿಂಟಿನಾಚೆ ಹದಿನೇಳು

ಜೂನ್ ತಿಂಗಳ ಕಲಬುರಗಿ. ಫ್ಯಾನು ತಿರುಗಿದರೆ
ಅರ್ಜಿಗಳು ಹಾರುತ್ತವೆ, ನಿಲ್ಲಿಸಿದರೆ ನಾನು ಕರಗುತ್ತೇನೆ.
ಅದಕ್ಕೇ ಪ್ರತಿ ಕಟ್ಟಿನ ಮೇಲೂ ಒಂದೊಂದು ಪರಸಿ ಕಲ್ಲಿನ ಚೂರು.
ಕಾನೂನು ಕಾಲೇಜಿನ ಪ್ರವೇಶ ವಿಭಾಗ, ಕಿಟಕಿ ನಂಬರ್ ಎರಡು.
ಗೋಡೆಯಲ್ಲಿ ತಕ್ಕಡಿಯ ಚಿತ್ರ,
ಅದರ ಎಡತಟ್ಟೆಯಲ್ಲಿ ಬೆಳಗಿನಿಂದ ಒಂದು ಹಲ್ಲಿ.

ನನ್ನ ಕೆಲಸ ಸರಳ:
ಪಿಯುಸಿಯ ಒಟ್ಟು ಅಂಕ, ಭಾಗಿಸು ಆರುನೂರು, ಗುಣಿಸು ನೂರು,
ಪಾಯಿಂಟಿನಾಚೆ ಎರಡೇ ಮನೆ.
ಆಮೇಲೆ ದೊಡ್ಡದು ಮೇಲೆ, ಸಣ್ಣದು ಕೆಳಗೆ.
ಗಣಿತದಲ್ಲಿ ಮೂವತ್ತೈದಕ್ಕೆ ಹೊಳೆ ದಾಟಿದವನ ಪಾಲಿಗೆ
ಸರಕಾರ ಬಿಟ್ಟ ಲೆಕ್ಕ ಇಷ್ಟು.

ಜಗದೇವಿ, ತಂದೆ ಮರೆಪ್ಪ, ಊರು ವಾಡಿ.
ಭೌತ, ರಸಾಯನ, ಗಣಿತ, ಜೀವಶಾಸ್ತ್ರ.
ಮುನ್ನೂರ ಎಪ್ಪತ್ತೊಂಬತ್ತು.
ಅರವತ್ತಮೂರು ಪಾಯಿಂಟ್ ಒಂದು ಏಳು.
"ಅದರಾಗ ಗಣಿತ ನಲವತ್ತೊಂದು ಅದ, ಕಾಣ್ತದೇನ್ರಿ?"
ಕಾಣ್ತದವ್ವ, ಅಂದೆ.
"ಲೆಕ್ಕದ ಸರ್ ದಸರಾ ಆದಮ್ಯಾಲ ಬಂದ್ರು,
ಸಂಕ್ರಾಂತಿಗಿ ಹೋದ್ರು.
ಕಲಿಸಿದ್ದು ಒಂದೂವರಿ ಪಾಠ. ಉಳಿದಿದ್ದೆಲ್ಲಾ ನಾನೇ.
ಅದನ್ನ ಎಲ್ಲಿ ಬರಕೋತೀರಿ?"

ಅರ್ಜಿ ತಿರುವಿ ನೋಡಿದೆ, ಬೆನ್ನ ಕಡೆಯೂ.
ಜಾತಿಗೆ ಖಾನೆ ಇದೆ, ವರಮಾನಕ್ಕಿದೆ,
ಮುನ್ನೂರ ಎಪ್ಪತ್ತೊಂದು ಜೆ-ಗೆ ಇದೆ,
ಯಾಕೋ, ರಕ್ತದ ಗುಂಪಿಗೂ ಇದೆ.
ಒಬ್ಬಳೇ ಕೂತು ಬಿಡಿಸಿದ ಲೆಕ್ಕಗಳಿಗೆ
ಒಂದು ಗೆರೆಯಷ್ಟು ಜಾಗವಿಲ್ಲ.

"ನಮ್ಮಪ್ಪ ಖಣಿಯಾಗ ಕಲ್ಲು ಬಡದು ನೋಡ್ತಾನ್ರಿ.
ಠಣ್ ಅಂದ್ರ ಒಳಗ ಗಟ್ಟಿ.
ಬಿರುಕಿದ್ರ ದನಿ ಸತ್ತಿರ್ತದ.
ಅಳತಿ ಪಟ್ಟಿ ಹಿಡಿಯೋದು ಆಮ್ಯಾಲ."
ನನ್ನ ಹತ್ತಿರ ಸುತ್ತಿಗೆ ಇರಲಿಲ್ಲ,
ಸಮಚಿಹ್ನೆಯನ್ನು ಎರಡು ಸಲ ಒತ್ತಿದರೆ ಮಾತ್ರ
ಮಾತಾಡುವ ಹಳೇ ಕ್ಯಾಲ್ಕ್ಯುಲೇಟರ್ ಇತ್ತು.

ಅವಳ ಬೆನ್ನಿಗೇ ನುಸ್ರತ್, ಚಿಂಚೋಳಿ ಕಡೆಯವಳು.
ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ.
ಐನೂರ ನಲವತ್ತೇಳು.
ತೊಂಬತ್ತೊಂದು ಪಾಯಿಂಟ್ ಒಂದು ಏಳು.
ಒತ್ತಿದೆ, ಮತ್ತೆ ಒತ್ತಿದೆ.
ಪಾಯಿಂಟಿನಾಚೆ ಇಬ್ಬರದೂ ಹದಿನೇಳೇ.
ಆಚೆ ಸಮಸಮ. ಈಚೆ ಇಪ್ಪತ್ತೆಂಟು ಮೆಟ್ಟಿಲು.

ಸುಳ್ಳೇಕೆ, ಬಾಯಿ ತಪ್ಪಿ ಅಂದುಬಿಟ್ಟೆ:
ಆರ್ಟ್ಸ್ ಅಲ್ಲವೇ, ಮಾರ್ಕ್ಸು ಸಲೀಸಾಗಿ ಬೀಳ್ತಾವೆ.
ನುಸ್ರತ್ ಕಾಗದಗಳ ಮೂಲೆ ಜೋಡಿಸುತ್ತಿದ್ದಳು.
"ನಮ್ಮೂರ ಹುಡುಗೇರ ಕಾಲೇಜಿನ್ಯಾಗ ಸೈನ್ಸೇ ಇಲ್ಲರಿ ಸರ್.
ಇದ್ದಿದ್ರ ನಾನೂ ನಲವತ್ತೊಂದು ತಗೊಂತಿದ್ದೆ."
ಜಗದೇವಿ ನಕ್ಕಳು.
ನುಸ್ರತ್ ನಗಲಿಲ್ಲ.

ಭಾರದ ಚೀಲ ಯಾರದು, ಯಾರಿಗೆ ಅಂಗಡಿಯಲ್ಲಿ
ಒಂದೇ ಒಂದು ಚೀಲವಿತ್ತು,
ಇದನ್ನು ನಾನು ಹೇಗೆ ತೂಗಲಿ?
ಗೋಡೆ ನೋಡಿದೆ. ಹಲ್ಲಿ
ಬಲತಟ್ಟೆಗೆ ಹೋಗಿ ಮಲಗಿತ್ತು.

ಪಟ್ಟಿ ಅಂಟಿಸಿದೆವು, ಮೈದಾ ಹಿಟ್ಟಿನ ಅಂಟು.
ನುಸ್ರತ್ ನಾಲ್ಕನೆಯವಳು.
ಜಗದೇವಿ ಕಾಯುವವರಲ್ಲಿ ಹನ್ನೊಂದು.
ರಾತ್ರಿ ಯಾವುದೋ ಆಡು ಬಂದು, ಅಂಟಿನ ರುಚಿಗೆ,
ಬಾಯಿಗೆಟುಕಿದಷ್ಟು ತಿಂದು ಹೋಗಿತ್ತು.
ಎಟುಕುವುದು ಕೆಳಗಿನ ಹೆಸರುಗಳೇ ತಾನೆ.

"ಸರ್, ನನ್ನ ಹೆಸರು ಆಡು ತಿಂತರಿ."
ಈ ಸಲ ನಾನೂ ನಕ್ಕೆ. ದಪ್ತರ ತೆಗೆದು ತೋರಿಸಿದೆ:
ಇಲ್ಲಿ ಇದೀಯವ್ವ, ಹನ್ನೊಂದು. ಹತ್ತು ಮಂದಿ ಬಿಡಬೇಕು.
"ಹತ್ತು," ಅಂದಳು, ಗಣಿತದವಳಂತೆ.
ಆಮೇಲೆ ಸುಮ್ಮನೆ ಕೈಚಾಚಿ
ಅರ್ಜಿಗಳ ಮೇಲಿನ ಪರಸಿ ಚೂರು ಎತ್ತಿಕೊಂಡಳು,
ಬೆರಳ ಗೆಣ್ಣಿನಿಂದ ಬಡಿದು ಕಿವಿಗೆ ಹಿಡಿದಳು.
ಏನು ಕೇಳಿತೋ, ಹೇಳಲಿಲ್ಲ.

ಫ್ಯಾನು ತಿರುಗುತ್ತಿತ್ತು.
ಕಾಗದಗಳೆಲ್ಲ ಒಮ್ಮೆಗೇ ಎದ್ದವು,
ಯಾವುದು ಮೇಲೆ, ಯಾವುದು ಕೆಳಗೆ, ಒಂದೂ ತಿಳಿಯದಂತೆ.
ಹಿಡಿಯಲು ನಾನು ಸ್ವಲ್ಪ ತಡಮಾಡಿದೆ.