ಮೈಕ್ ಆಫ್ ಮಾಡಿ, ವೀರೇಶ್

ಫೋನು ಮಗನದು. ಅದಕ್ಕೇ ಪರದೆ ಮ್ಯಾಲೆ
ನನ್ನ ಹೆಸರು ವೀರೇಶ್, ಒಂಬತ್ತನೇ ಬಿ.
ಮೇಡಮ್ಮಿಗೆ ನಾನೊಂದು ಕಪ್ಪು ಚೌಕ.
ಚೌಕದ ಹಿಂದೆ ಸುಂಕಲಮ್ಮ, ಮೂವತ್ತೆಂಟು ವರ್ಷ,
ಕೌಲ್‌ಬಜಾರಿನ ಜೀನ್ಸ್ ಯೂನಿಟ್ಟಿನಾಗೆ
ಹಿಂದಿನ ಜೇಬು ಹೊಲಿಯೋಳು,
ಬಿ.ಎ. ಎರಡನೇ ವರ್ಷ, ಇತಿಹಾಸ.

ನಮ್ಮೂರಿಂದ ಹೈಸ್ಕೂಲು ಏಳು ಕಿಲೋಮೀಟರು,
ಕಾಲುವೆ ದಂಡೆ ಗುಂಟ, ಮೆಣಸಿನಕಾಯಿ ಹೊಲ ದಾಟಿ.
ದೂರ ಆತು, ಅಂದ ಅಪ್ಪ.
ಎರಡೇ ಮಾತಿಗೆ ಮುಗಿದು ಹೋತು.
ಈಗ ಓದಿಗೇ ದೂರ ಅಂತ ಹೆಸರಿಟ್ಟಾರೆ.
ಅರ್ಜಿ ಫಾರಮ್ಮಿನಾಗೆ ಅದನ್ನೋದಿ
ನಗು ಬಂತು ನಂಗೆ. ಕೌಂಟರಿನ ಹುಡುಗ ತಲೆ ಎತ್ತಿದ.

ಒಳ್ಳೇದಲ್ಲ ಅನ್ನಂಗಿಲ್ಲ.
ರಾತ್ರಿ ಹತ್ತರ ಮ್ಯಾಲೆ ಮುಸುರೆ ತೊಳೆದು
ಬಾಗಿಲ ಹಿಂದೆ ಕೂತು ಮೇಡಮ್ಮನ್ನ ಎಬ್ಬಿಸ್ತೀನಿ,
ಬೇಕಾದಲ್ಲಿ ನಿಲ್ಲಿಸ್ತೀನಿ.
ಫ್ರಾನ್ಸಿನ ಕ್ರಾಂತಿ ನಮ್ಮನ್ಯಾಗೆ ಮೂರು ಸಲ ಆತು,
ಮೂರನೇ ಸಲಕ್ಕೆ ರಾಜನ ತಲೆ ಯಾಕೆ ಹೋತಂತ ತಿಳೀತು.
ಒಮ್ಮೆನೂ ಅವರು ಸಿಡಿಮಿಡಿ ಅನ್ನಲಿಲ್ಲ,
ಈ ವಯಸ್ಸಿಗೆ ಯಾಕಮ್ಮಾ ಅನ್ನಲಿಲ್ಲ.

ಇಪ್ಪತ್ತೆರಡನೇ ನಿಮಿಷಕ್ಕೆ ಅವರ ಮನೆ ಕುಕ್ಕರ್ ಕೂಗ್ತೈತೆ.
ಸಾರಿ ಅಂತಾರೆ, ಎದ್ದು ಹೋಗ್ತಾರೆ.
ಖಾಲಿ ಕುರ್ಚಿ. ಗೋಡೆ ಮ್ಯಾಲೆ ಹೋದ ತಿಂಗಳ ಕ್ಯಾಲೆಂಡರ್.
ಆ ಭಾಗ ನಾನು ದಾಟಿಸಲ್ಲ.
ಬ್ಯಾಳಿಯೋ ಅನ್ನವೋ, ಸೀಟಿ ಎಣಿಸ್ತೀನಿ.
ಅವರ ಅಡುಗಿ ನಂಗೆ ಗೊತ್ತು,
ನನ್ನ ಮಷೀನು ಅವರಿಗೆ ಗೊತ್ತಿಲ್ಲ.

ಭಾನುವಾರ ನೇರ ಪಾಠ. ಅವತ್ತೂ ಕೆಲಸ,
ಮುಂಬೈ ಪಾರ್ಟಿಯ ಅರ್ಜೆಂಟ್ ಆರ್ಡರು.
ಕಿವಿಗೆ ವೈರು ಸಿಗಿಸ್ಕೊಂಡು ಜೇಬು ಹೊಲೀತಿದ್ದೆ.
ಒಂದು ಅನುಮಾನ ಇತ್ತು, ಮೈಕು ಒತ್ತಿದೆ.
ನಲವತ್ತು ಮಷೀನು ಒಮ್ಮೆಲೇ ತರಗತಿಗೆ ನುಗ್ಗಿದವು.
ಮೇಡಮ್ ನಿಲ್ಲಿಸಿ ಕೇಳಿದ್ರು,
ಯಾರ ಕಡೆ ಅಷ್ಟು ಜೋರು ಮಳೆ?

ಬಳ್ಳಾರಿ. ಮೇ ತಿಂಗಳು.

ಕಪ್ಪು ಚೌಕಗಳೆಲ್ಲ ಕಿವಿ ಕೊಟ್ಟಂಗಾತು.
ಮೈಕ್ ಆಫ್ ಮಾಡಿ, ವೀರೇಶ್.
ಮಾಡಿದೆ.
ಕೇಳಬೇಕಂತ ಇದ್ದದ್ದು ಇಷ್ಟೇ:
ಆ ಗಲಾಟ್ಯಾಗೆ ಬಟ್ಟೆ ಹೊಲಿಯೋರು ಯಾರ ಕಡೆ ಇದ್ರು?
ಪಕ್ಕದ ಮಷೀನಿನ ಖಾಜಾಬಿನ್ನ ಕೇಳಿದೆ.
ಕೂಲಿ ಬಾಕಿ ಇಟ್ಟೋರ ಎದುರಿಗೆ ಇರ್ಬೇಕು ಬಿಡು,
ಅಂದ್ಲು, ಬಾಬಿನ್ ತೆಗೀತಾ.
ಪಾಠ ಬಂತು, ಪಿಡಿಎಫ್ ಬಂತು, ಹಾಜರಿನೂ ಬಂತು ಫೋನಿಗೆ.
ತಪ್ಪು ಬರೆದ್ರೆ ಮೊಣಕೈಲೆ ತಿವಿಯೋ
ಬೆಂಚಿನಾಕೆ ಬರಲಿಲ್ಲ.

ಪರೀಕ್ಷೆ ದಿವಸ ಕೋಟೆ ಗುಡ್ಡದ ಕೆಳಗೆ, ಒಂದು ಕಾಲೇಜು.
ನನ್ನ ಬಗಲಾಗೆ ಸಿರುಗುಪ್ಪದ ಬಸ್ ಕಂಡಕ್ಟರ್,
ಟಿಕೆಟ್ ಹರಿಯಂಗೆ ಹಾಳೆ ತಿರುವ್ತಿದ್ದ.
ಮುಂದಿನಾಕೆ ಕೂಸನ್ನ ಅವರವ್ವನ ಕೈಗೆ ಕೊಟ್ಟು ಬಂದು
ಒಂದು ಸಾಲಿಗೊಮ್ಮೆ ಕಿಟಕಿ ನೋಡ್ತಿದ್ಲು.
ಬೆವರು, ಕೊಬ್ಬರಿ ಎಣ್ಣೆ, ಯಾರದೋ ಡಬ್ಬಿಯ ಉಳ್ಳಾಗಡ್ಡಿ.
ಇವರೇನಾ ನನ್ನ ಚೌಕಗಳು?

ಬಿಳೀ ಹಾಳೆ ಮ್ಯಾಲೆ ನನ್ನ ಹೆಬ್ಬೆಟ್ಟು ನೀಲಿ ಬಿಟ್ಟಿತ್ತು.
ಶಾಯಿ ಅಲ್ಲ, ಜೀನ್ಸಿಂದು.
ಉಜ್ಜಿದಷ್ಟೂ ಅಗಲ ಆತು.

ಹಾಳೆ ತುಂಬಿತು. ಕೈ ಎತ್ತಿದೆ.
ಒತ್ತೋ ಗುಂಡಿ ಅಲ್ಲ, ಹಳದಿ ಚಿತ್ರ ಅಲ್ಲ,
ಭುಜ ನೋಯೋ ಕೈ.
ಆ ತುದಿಯಿಂದ ಸರು ನೋಡಿದ್ರು,
ಬೆಂಚುಗಳ ನಡುವೆ ಚಪ್ಪಲಿ ಸಪ್ಪಳ ಮಾಡ್ತಾ
ನನ್ನ ತನಕ ನಡಕೊಂಡು ಬಂದ್ರು.
ಹೆಚ್ಚಿನ ಹಾಳೆ ಕೊಟ್ಟು, ಪಟ್ಟಿ ತೆಗೆದು,
ಹೆಸರು ಜೋರಾಗಿ ಹೇಳಮ್ಮ, ಅಂದ್ರು.

ಹೇಳಿದೆ.
ಕಂಡಕ್ಟರ್ ತಿರುಗಿ ನೋಡಿದ.