ಎರಡನೆಯ ಪುಟ

ಮಣಿಪಾಲದ ಕಡೆಯ ಹುಡುಗಿ, ಕೊರಳಲ್ಲಿ ಕಾಲೇಜಿನ ಪಟ್ಟಿ,
ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದು
ಎರಡು ಪುಟದ ಪ್ರಶ್ನಾವಳಿ ಹಂಚಿದಳು.
"ಹೆಸರು ಬರೆಯಬೇಕೆಂದಿಲ್ಲ ಮೇಡಂ."

ಮೊದಲ ಪುಟ ನೀರ್ ದೋಸೆ ಮಡಚಿದಷ್ಟು ಸುಲಭ.
ದಿನಕ್ಕೆ ಉಪ್ಪು? ತಲೆ ಸವರಿದ ಒಂದು ಚಮಚ.
ಹಣ್ಣು ತರಕಾರಿ? ನಾನ್ನೂರು ಗ್ರಾಂ.
ಕರಿದ ಎಣ್ಣೆ ಮತ್ತೆ ಕಾಯಿಸಬಹುದೇ? ಬಾರದು.
ಇಪ್ಪತ್ತೆರಡು ವರ್ಷ ಇದನ್ನೇ ಹೇಳಿದ್ದೇನೆ,
ಕಡೆಕಾರಿನಿಂದ ಪಡುಕೆರೆಯವರೆಗೆ,
ಅಂಗನವಾಡಿಯ ಜಗಲಿಯಲ್ಲಿ, ಬಲೆ ಹೊಲಿಯುವ ಚಪ್ಪರದಡಿ,
ತಟ್ಟೆಯ ಚಿತ್ರವಿರುವ ಚಾರ್ಟು ಎತ್ತಿ ಹಿಡಿದು:
ಅರ್ಧ ತರಕಾರಿ, ಕಾಲು ಅನ್ನ, ಕಾಲು ಮೀನು.
ಆ ಚಾರ್ಟಿನ ಹರಿವೆ ಸೊಪ್ಪು
ಬಿಸಿಲು ತಿಂದು ತಿಂದು ನೀಲಿಯಾಗಿದೆ.

ಎರಡನೆಯ ಪುಟ.
ನಿನ್ನೆ ಬೆಳಿಗ್ಗೆ ಏನು ತಿಂದಿರಿ? ಎಷ್ಟು ಗಂಟೆಗೆ?
ಮಧ್ಯಾಹ್ನ?

ನಿನ್ನೆ ಗುರುವಾರ, ಲಸಿಕೆಯ ದಿನ.
ಐಸ್ ತುಂಬಿದ ಡಬ್ಬಿಯೊಳಗೆ ಲಸಿಕೆಗೆ
ಎರಡರಿಂದ ಎಂಟು ಡಿಗ್ರಿಯ ರಾಜೋಪಚಾರ.
ನನ್ನ ಬುತ್ತಿ ಸ್ಕೂಟರಿನ ಸೀಟಿನಡಿ ಇನ್ನೊಮ್ಮೆ ಬೆಂದು
ಮೂರು ಗಂಟೆಗೆ ತೆರೆದರೆ ಹಳಸಿದ ಪಡವಲಕಾಯಿ.
ಕಾಗೆಗೆ ಹಾಕಿದೆ. ಕಾಗೆಯೂ ಯೋಚಿಸಿತು.

ಆಮೇಲೆ ಎರಡು ಬನ್ಸ್, ಒಂದು ಪ್ಲೇಟು ಗೋಳಿಬಜೆ,
ಸಕ್ಕರೆ ಜಾಸ್ತಿ ಚಹಾ. ಬಸ್ ಸ್ಟ್ಯಾಂಡಿನ ಹಿಂದಿನ ಹೋಟೆಲು,
ಬಾಗಿಲಿಗೆ ಬೆನ್ನು ಮಾಡಿ ಕೂತು.
ನನ್ನ ಸಕ್ಕರೆ ಕಾಯಿಲೆಯವರು ಯಾರಾದರೂ ಕಂಡರೆ?
ಬಾಣಲೆಯ ಎಣ್ಣೆ ಎಷ್ಟನೆಯ ಸಲದ್ದೆಂದು ಕೇಳಲಿಲ್ಲ.
ಗೊತ್ತಿತ್ತು. ಗೊತ್ತಿರುವುದೆಲ್ಲ ಮೊದಲ ಪುಟ.

ಪಕ್ಕದಲ್ಲಿ ಲ್ಯಾಬಿನ ಇನಾಸ್ ಪೆನ್ನು ಕಚ್ಚುತ್ತಿದ್ದ.
ಆಶಾ ಕಾರ್ಯಕರ್ತೆ ಸಂಪಾ, ಮೂರು ಮಕ್ಕಳ ಟಿಫಿನ್ ಕಟ್ಟಿ
ತಳದ ಅನ್ನಕ್ಕೆ ನೀರು ಹೊಯ್ದು ಕುಡಿದು ಓಡಿ ಬರುವವಳು,
"ಅಕ್ಕ, ನಿಂತು ತಿಂದದ್ದನ್ನು ಯಾವ ಚೌಕದಲ್ಲಿ ಬರೆಯುವುದು?" ಎಂದಳು.
ಔಷಧಿ ಕೊಡುವ ಝುಬೈದಾ ಜೋರಾಗಿ ನಕ್ಕಳು.
ಅವಳ ಖಾನೆಯಲ್ಲಿ ಬಿಪಿ ಮಾತ್ರೆಯ ಪಕ್ಕ
ಉಪ್ಪು ಚಿಪ್ಸಿನ ಪೊಟ್ಟಣ. ಅದು ಅವಳದೇ ಮಾತ್ರೆ.

ಹುಡುಗಿ ಕಾಯುತ್ತಿದ್ದಳು.
ನಾನು ಬರೆದೆ: ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ,
ಬಸಳೆ, ಸಣ್ಣ ತುಂಡು ಬಂಗುಡೆ. ಹನ್ನೆರಡೂವರೆಗೆ.
ಅಮ್ಮ ಬಡಿಸುತ್ತಿದ್ದ ಊಟ, ನಲವತ್ತು ವರ್ಷ ಹಿಂದಿನದು.
ಬರೆಯುವಾಗ ಬಾಯಲ್ಲಿ ನೀರು ಬಂತು.

ದಾರಿಯಲ್ಲಿ ಸಿಕ್ಕವರನ್ನೆಲ್ಲ ನಾವು ತುಳುವಿನಲ್ಲಿ ಕೇಳುತ್ತೇವೆ,
"ಒಣಸ್ ಆಂಡಾ?" ಊಟವಾಯಿತಾ?
ಹನ್ನೊಂದಕ್ಕೆ ಕೇಳಲಿ, ನಾಲ್ಕಕ್ಕೆ ಕೇಳಲಿ,
ಉತ್ತರ ಒಂದೇ: "ಆಂಡ್." ಆಯಿತು.
ಹೇಳಿದವರೂ ನಿಲ್ಲುವುದಿಲ್ಲ, ಕೇಳಿದವರೂ ನಿಲ್ಲುವುದಿಲ್ಲ.

ಸಂಜೆ ರಿಜಿಸ್ಟರ್ ಮುಚ್ಚಿದ ಮೇಲೆ ಇನಾಸ್
"ಒಂದು ಸ್ಟ್ರಿಪ್ ಉಳಿದಿದೆ, ಬೆರಳು ಕೊಡಿ" ಎಂದ.
ಊರಿನ ಬೆರಳೆಲ್ಲ ಚುಚ್ಚಿದ ನಾನು ಮುಖ ತಿರುಗಿಸಿದೆ.
ಇನ್ನೂರ ಮೂವತ್ತೊಂದು.
ಅವನು ಮಾತಾಡಲಿಲ್ಲ. ಹೇಳಬೇಕಾದದ್ದೆಲ್ಲ ಗೋಡೆಯ ಮೇಲೆ
ನನ್ನದೇ ಅಕ್ಷರದಲ್ಲಿತ್ತು.

ಸೋಮವಾರ, ಬುಟ್ಟಿ ಹೊರಗಿಳಿಸಿ
ಅಕ್ಕು ಮರಕಾಲ್ತಿ ಮಾತ್ರೆಗೆ ಬಂದಳು.
ಒಣಮೀನಿನ ಉಪ್ಪಿಗಾಗಿ ಹೋದ ತಿಂಗಳು
ಅವಳನ್ನು ಎಲ್ಲರೆದುರು ಬೈದಿದ್ದೆ.
"ಒಣಸ್ ಆಂಡಾ ಬಾಯಮ್ಮ?"
ಗಂಟೆ ಎರಡೂವರೆ.
"ಆತಿಜಿ" ಎಂದೆ. ಆಗಿಲ್ಲ.

ಅಕ್ಕುವಿಗೆ ದಿಕ್ಕು ತೋಚಲಿಲ್ಲ.
ಯಾರೂ ಹಾಗೆ ಉತ್ತರಿಸಿದ್ದೇ ಇಲ್ಲ.
ಕೈಯ ಚೀಟಿ ಮಡಚಿ, ಬಿಡಿಸಿ, ಮತ್ತೆ ಮಡಚಿ
ಸರದಿಯ ಕಡೆ ತಿರುಗಿ ಗದರಿದಳು:
"ಬಾಯಮ್ಮ ಉಂಡು ಬರಲಿ. ಕೂತುಕೊಳ್ಳಿ ಎಲ್ಲ."

ಡಬ್ಬಿ ತೆರೆದೆ.
ಬೆಂಚಿನ ಮೇಲೆ ಹದಿನೆಂಟು ಜನ ಕತ್ತು ಚಾಚಿ
ಒಳಗೆ ಎಂತ ಇದೆಯೆಂದು ನೋಡಿದರು.